‘ನೊಳಂಬ’ ಶಬ್ದದ ಹಿಂದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಬಹುಭಾಗ ‘ನೊಳಂಬವಾಡಿ 32,000’ಕ್ಕೆ ಸೇರಿತ್ತು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಅದರ ಪ್ರಬಲ ಕೋಟೆ. ಈ ನಾಡಿಗೆ ಹೆಸರಿತ್ತ ನೊಳಂಬರು ಯಾರು?

ಹೇಮಾವತಿಯ ಶಾಸನದ ವಂಶಾವಳಿಯು ತ್ರಿನಯನ ಪಲ್ಲವನಿಂದ ಆರಂಭವಾಗಿ ಮಂಗಳ ನೊಳಂಬಾಧಿರಾಜನನ್ನು ಹೆಸರಿಸುತ್ತದೆ. ಅಲ್ಲಿ ‘ನೊಳಂಬ’ವೆಂಬುದು ಅರಸನ ಬಿರುದು. ಮುಂದೆ ಅದು ವಂಶದ ಹೆಸರಾಯಿತು. ಗಂಗವಾಡಿಯಂತೆ ‘ವಾಡಿ’ ಸೇರಿ ನಾಡಿನ ಹೆಸರೂ ಆಯಿತು. ಶಾಸನಗಳಲ್ಲಿ ‘ನೊಣಂಬ’ ಎಂಬ ರೂಪವೂ ಉಂಟು. ತುಮಕೂರು, ಚಿತ್ರದುರ್ಗಗಳ ಕಡೆಯ ನೊಣಬ ಎಂಬ ಕೃಷಿಕ ಸಮುದಾಯದ ಹೆಸರು ಇದರಿಂದಲೇ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಹೀಗೆ ಅರಸನ ಬಿರುದು ಕೊನೆಗೆ ಒಕ್ಕಲಿನ ಹೆಸರಾಗಿ ನೆಲೆನಿಂತಿತು.

ಈ ಶಬ್ದಕ್ಕೆ ಇನ್ನೊಂದು ಮುಖವಿದೆ. ಅದು ಜೈನರಾದ ನಮಗೆ ಸಂಬಂಧಿಸಿದ್ದು. ಗಂಗ ದೊರೆ ಇಮ್ಮಡಿ ಮಾರಸಿಂಹನು ಉಚ್ಚಂಗಿಯನ್ನು ಗೆದ್ದು ‘ನೊಳಂಬಕುಲಾಂತಕ’ನೆನಿಸಿದನು. ನೊಳಂಬರ ಕುಲಕ್ಕೇ ಯಮನೆಂಬುದು ಇದರ ಅರ್ಥ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ ಅವನ ವಿಜಯಗಳ ಹೊಗಳಿಕೆಯಿದೆ. ಆದರೆ ಆ ಕುಲ ಅಳಿಯಲಿಲ್ಲ. ಅನಂತರವೂ ಚಾಲುಕ್ಯರ ಅಧೀನದಲ್ಲಿ ನೊಳಂಬ ಅರಸರು ಆಳಿದರು.

ನೊಳಂಬರು ಜಿನಧರ್ಮದ ವೈರಿಗಳೂ ಅಲ್ಲ. ಇಂದಿನ ತಮಿಳುನಾಡಿನ ಧರ್ಮಪುರಿಯಲ್ಲಿ 9ನೆಯ ಶತಮಾನದ ಕೊನೆಯಲ್ಲಿ ನಿಧಿಯಣ್ಣ, ಚಂಡಿಯಣ್ಣರೆಂಬ ಶೆಟ್ಟಿಪುತ್ರರು ಬಸದಿ ಕಟ್ಟಿಸಿದಾಗ ಗ್ರಾಮವನ್ನು ದತ್ತಿಯಾಗಿ ಕೊಟ್ಟವನು ನೊಳಂಬ ಮಹೇಂದ್ರನೇ.

ಗೃಹಸ್ಥನಿಗೆ, ಅದರಲ್ಲೂ ರಾಜ್ಯ ಕಾಯುವವನಿಗೆ, ವಿರೋಧಿ ಹಿಂಸೆ ಪೂರ್ಣವಾಗಿ ತಪ್ಪದೆಂದು ನಮ್ಮ ಶಾಸ್ತ್ರಕಾರರು ಒಪ್ಪುತ್ತಾರೆ. ಆದರೆ ಒಂದು ಕುಲದ ನಾಶವನ್ನು ಭೂಷಣವಾಗಿ ತೊಡುವುದಕ್ಕೆ ಯಾವ ಅಣುವ್ರತವೂ ಅನುಮತಿ ನೀಡದು. ಅದೇ ಶಾಸನದ ಕೊನೆಯ ಮಾತು ಗಮನಾರ್ಹವಾದುದು: ಮಾರಸಿಂಹನು ರಾಜ್ಯವನ್ನು ತೊರೆದು, ಸುಮಾರು ಕ್ರಿ.ಶ. 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ಆಚರಿಸಿ ದೇಹ ಬಿಟ್ಟನು.

ಬಸದಿಗಳ ಫಲಕಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ‘ನೊಳಂಬಕುಲಾಂತಕ’ನೆಂದು ಹೆಮ್ಮೆಯಿಂದ ಬರೆಯುವ ಧರ್ಮಬಂಧುಗಳು ಈ ಕೊನೆಯ ಮಾತನ್ನೂ ಬರೆಯಲಿ. ಧರ್ಮಪುರಿಯ ಆ ಸೋದರರನ್ನೂ, ಅವರಿಗೆ ನೆರವಾದ ನೊಳಂಬನನ್ನೂ ನೆನೆಯಲಿ. ಅಂತ್ಯಗೊಳಿಸುವೆನೆಂದ ಬಿರುದು ಶಿಲೆಯಲ್ಲಿ ಉಳಿಯಿತು. ನೊಳಂಬರ ಹೆಸರಾದರೋ ಇಂದಿಗೂ ಉಳುವವರ ನಡುವೆ ಬದುಕಿದೆ.