ಬೇರಿನ ಮೇಲೆ ಊರು ಕಟ್ಟಿದವರು (ಮರದ ಕಥೆಗಳು - 7)

ಮೊದಲ ಫೋಟೋದಲ್ಲಿರೋದು ನಮ್ಮ ಹಿತ್ತಲಿನ ಹಲಸಿನ ಮರ. ಬೇರೆಲ್ಲ ಮೇಲೆದ್ದಿದೆ ನೋಡಿ. ಹೋದ ತಿಂಗಳು ಅಜ್ಜಿ ಅದಕ್ಕೇ ಎಡವಿ ಬಿದ್ರು. ಮಾರನೇ ದಿನವೇ ಅಪ್ಪ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣಿಗೆ ಹೇಳಿದ್ರು, ಒಂದಡಿ ಏರಿಸಿ ಮಟ್ಟ ಮಾಡಿಬಿಡೋಣ ಅಂತ.

ನಂಗೆ ಭಯ ಆಯ್ತು. ನಾನು ಹತ್ತನೇ ಕ್ಲಾಸಲ್ಲಿದ್ದಾಗ ಮುಂದಿನ ಅಂಗಳಕ್ಕೆ ಹೀಗೇ ಮಣ್ಣು ತುಂಬಿಸಿದ್ವಿ. ಎರಡು ವರ್ಷಕ್ಕೆ ಅಲ್ಲಿದ್ದ ಮಾವು ತುದಿಯಿಂದ ಒಣಗಿಹೋಯ್ತು. ಯಾಕೆ ಅಂತ ಆಗ ಯಾರೂ ಕೇಳಲಿಲ್ಲ. ಈ ಸಲ ಹುಡುಕಿದೆ. ಹುಡುಕ್ತಾ ಸಿಕ್ಕಿದ್ದು ಇವತ್ತಿನ ಕಥೆ.

ಜಾಗ ಅಮೆರಿಕದ ಕ್ಯಾಲಿಫೋರ್ನಿಯಾ, ಸಿಕ್ವೋಯಾ ರಾಷ್ಟ್ರೀಯ ಉದ್ಯಾನ. 1890ರಲ್ಲಿ ಶುರುವಾದದ್ದು. ಅಲ್ಲಿನ 'ಜೈಂಟ್ ಫಾರೆಸ್ಟ್'ನಲ್ಲಿರೋ ಜನರಲ್ ಶೆರ್ಮನ್ ಮರ ಸುಮಾರು 83 ಮೀಟರ್ ಎತ್ತರ. ಇಷ್ಟು ದೊಡ್ಡ ಮರಕ್ಕೆ ಬೇರು ಪಾತಾಳಕ್ಕೆ ಇಳಿದಿರಬೇಕು ಅನ್ಸುತ್ತೆ ಅಲ್ವಾ? ಇಲ್ಲ. ಬೆಳೆದ ಸಿಕ್ವೋಯಾಗೆ ತಾಯಿಬೇರೇ ಇರಲ್ಲ, ಬೇರು ಆಳಕ್ಕಿಂತ ಅಗಲಕ್ಕೆ ಹೋಗುತ್ತೆ.

1926ರಲ್ಲಿ ಕಾರು ಹೋಗೋ ಒಳ್ಳೆ ರಸ್ತೆ ಬಂತು. ಮರಗಳ ಬುಡದಲ್ಲೇ ಕ್ಯಾಬಿನ್ನು, ಅಂಗಡಿ, ಟೆಂಟು, ಪಾರ್ಕಿಂಗ್. ಉದ್ಯಾನದ ಮುಖ್ಯಸ್ಥ ಕರ್ನಲ್ ಜಾನ್ ವೈಟ್‌ಗೆ ಇದು ಸರಿ ಕಾಣಲಿಲ್ಲ. ಅದೇ ವರ್ಷ ಎಮಿಲಿಯೋ ಮೈನೆಕೆ ಅನ್ನೋ ಸಸ್ಯರೋಗ ತಜ್ಞ ಅಲ್ಲಿನ ನೆಲ ನೋಡಿ ವರದಿ ಬರೆದರು. ಸಾರಾಂಶ ಇಷ್ಟು: ನೀರು, ಆಹಾರ ಹೀರೋ ಸಣ್ಣ ಬೇರುಗಳು ಮೇಲ್ಮಣ್ಣಲ್ಲೇ ಇರ್ತವೆ. ಜನ ತುಳಿದಾಗ ಮಣ್ಣಿನ ಸಂದಿಯ ಗಾಳಿ ಹೋಗುತ್ತೆ, ಮಳೆನೀರು ಇಂಗಲ್ಲ. ನಿಂತ ಮರ ನಿಂತೇ ಇರುತ್ತೆ, ಪೆಟ್ಟು ಎಷ್ಟೋ ವರ್ಷ ಹೊರಗೆ ಕಾಣಲ್ಲ. ಬಿಕಾಂ ಭಾಷೇಲಿ ಹೇಳೋದಾದ್ರೆ ನಷ್ಟ ಈ ವರ್ಷದ್ದು, ಪುಸ್ತಕಕ್ಕೆ ಏರೋದು ಮೊಮ್ಮಕ್ಕಳ ಕಾಲಕ್ಕೆ!

ಇವತ್ತು ಅಮೆರಿಕದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕಾಣೋ ಒನ್‌ವೇ ಸುತ್ತುದಾರಿ, ಪ್ರತಿ ಟೆಂಟಿಗೂ ಒಂದೇ ಕಾರಿನ ಜಾಗ, ಇದೂ ಮೈನೆಕೆ ಯೋಚನೆಯೇ. ಕಾರು ಬೇರಿನ ಮೇಲೆ ಹತ್ತಬಾರದು ಅಂತ.

ಆದ್ರೆ ಕಟ್ಟಡ? ವೈಟ್ 1930ರ ದಶಕದಲ್ಲೇ ಸ್ಥಳಾಂತರ ಮಾಡೋಣ ಅಂದ್ರು. ಹೋಟೆಲ್ ನಡೆಸ್ತಿದ್ದವರು ಒಪ್ಪಲಿಲ್ಲ, ವ್ಯಾಪಾರ ಚೆನ್ನಾಗಿತ್ತಲ್ಲ. ಕೆಡವೋ ದೊಡ್ಡ ಕೆಲಸ ಶುರುವಾಗಿದ್ದು 1997ರಲ್ಲಿ. ವರದಿಯಿಂದ ಲೆಕ್ಕ ಹಾಕಿ, 71 ವರ್ಷ! 282 ಕಟ್ಟಡ, 24 ಎಕರೆ ಡಾಂಬರು ಎತ್ತಿದ್ರು. ಗಟ್ಟಿಯಾದ ನೆಲ ಸಡಿಲಿಸಿ, ಕಾಡಿನ ತರಗೆಲೆ ಹೊದಿಸಿ, ಸಸಿ ನೆಟ್ಟರು.

ನಮ್ಮ ಮಾವಿಗೂ ಹೀಗೇ ಉಸಿರು ಕಟ್ಟಿರಬೇಕು. ಬೇರಿಗೆ ತುಳಿತ ಆದ್ರೇನು, ಮೇಲೊಂದು ಅಡಿ ಮಣ್ಣಿನ ಭಾರ ಆದ್ರೇನು, ಗಾಳಿ ಸಿಗಲ್ಲ ಅಷ್ಟೇ.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅರ್ಧ ಒಪ್ಪಿದ್ರು. ಟ್ರ್ಯಾಕ್ಟರ್ ಮಣ್ಣು ತೆಂಗಿನ ಗುಂಡಿಗೆ ಹೋಯ್ತು. ಹಲಸಿನ ಬೇರುಗಳ ನಡುವಿನ ತಗ್ಗಿಗೆ ಮಾತ್ರ ಎರಡು ಬೆರಳು ಗೊಬ್ಬರಮಣ್ಣು, ಮೇಲೆ ನಾಲ್ಕು ಬೆರಳು ತರಗೆಲೆ. ಕಾಂಡ ಕೊಳೆಯಬಾರದು ಅಂತ ಬುಡದ ಸುತ್ತ ಒಂದು ಗೇಣು ಬಿಟ್ಟಿದ್ದೀನಿ. ಇಷ್ಟು ದಿನ ಸುಡ್ತಿದ್ದ ಎಲೆಯೇ ಅದು. ಅಜ್ಜಿ ಓಡಾಡೋ ದಾರಿಗೆ ಆ ಕಡೆ ಚಪ್ಪಡಿ ಹಾಕಿದ್ವಿ, ಕೊನೇ ಫೋಟೋ ಅದೇ.

ಅಜ್ಜಿ ಮಾತ್ರ ಇನ್ನೂ ಗೊಣಗ್ತಾರೆ, "ಎಲೆ ಒಳಗೆ ಹಾವು ಸೇರ್ಕೊಂಡ್ರೆ ನಿನ್ನ ಅಮೆರಿಕದವರು ಬರ್ತಾರಾ?"