ತಪ್ಪುಕಾಣಿಕೆ ಯಾರ ಹುಂಡಿಗೆ?

2019ರ ಏಪ್ರಿಲ್ 20ರಂದು ಕ್ರಿಕೆಟ್ ಮಂಡಳಿಯ ಒಂಬುಡ್ಸ್‌ಮನ್, ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರ ಆದೇಶ ಹೊರಬಿತ್ತು. ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ತಲಾ 20 ಲಕ್ಷ ರೂಪಾಯಿ ಕಟ್ಟಬೇಕು. ಅದರಲ್ಲಿ 10 ಲಕ್ಷ, ಕರ್ತವ್ಯದಲ್ಲಿದ್ದಾಗ ಮಡಿದ ಅರೆಸೇನಾ ಪಡೆಗಳ ಹತ್ತು ಪೇದೆಗಳ ಪತ್ನಿಯರಿಗೆ ಒಂದೊಂದು ಲಕ್ಷದಂತೆ. ಉಳಿದ 10 ಲಕ್ಷ ಅಂಧರ ಕ್ರಿಕೆಟ್ ಸಂಸ್ಥೆಯ ನಿಧಿಗೆ. ಗಡುವು ನಾಲ್ಕು ವಾರ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಇಬ್ಬರು ಆಟಗಾರರ ತಪ್ಪು ಯೋಧರ ವಿಷಯದಲ್ಲಿ ಆದದ್ದಲ್ಲ, ಅಂಧರ ವಿಷಯದಲ್ಲೂ ಅಲ್ಲ. ‘ಕಾಫಿ ವಿತ್ ಕರಣ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಕೂತು ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಹರಟಿದ್ದರು.

ಯುವ ಆಟಗಾರನೊಬ್ಬ ಅಂಗಳದ ಹೊರಗೆ ದೊಡ್ಡ ತಪ್ಪು ಮಾಡಿದರೆ ಇನ್ನೊಂದು ಅವಕಾಶ ಕೊಡಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಈ ಹಂಚಿಕೆ. ಮಂಗಳೂರಿನಲ್ಲಿ ಕೂತು ಇದನ್ನು ಬರೆಯುವುದು ಅಷ್ಟು ಸಲೀಸಲ್ಲ. ರಾಹುಲ್ ನಮ್ಮವ. ಸುರತ್ಕಲ್‌ನ ಎನ್‌ಐಟಿಕೆ ಪ್ರಾಧ್ಯಾಪಕರ ಮಗ, ನೆಹರೂ ಮೈದಾನದಲ್ಲಿ ಆಡಿ ಬೆಳೆದವ. ಆಗ ಅವನಿಗೆ 26 ವರ್ಷ. ‘ಪಾಪ, ಅವ ಹೆಚ್ಚು ಮಾತಾಡಲೇ ಇಲ್ಲ ಮಾರಾಯ್ರೆ, ಪಾಂಡ್ಯನ ಬಾಯಿಗೆ ಇವ ಸಿಕ್ಕಿಬಿದ್ದದ್ದು’ ಎಂಬ ಮಾತು ಇಲ್ಲಿ ಈಗಲೂ ಕೇಳುತ್ತದೆ. ಅರ್ಧ ನಿಜ. ತೀರಾ ಕೆಟ್ಟ ಮಾತುಗಳು ಪಾಂಡ್ಯನವೇ. ಆದರೆ ಪಕ್ಕದಲ್ಲಿ ಕೂತು ನಕ್ಕು, ನಡುನಡುವೆ ತನ್ನದನ್ನೂ ಸೇರಿಸಿದವನನ್ನು ಪೂರ್ತಿ ಬಿಟ್ಟುಬಿಡಲು ನನಗೆ ಮನಸ್ಸಾಗದು.

ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಕಾರ್ಯಕ್ರಮ ಪ್ರಸಾರವಾದದ್ದು ಜನವರಿ 6ಕ್ಕೆ. ಮಂಡಳಿ ಆಗ ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಾಧಿಕಾರಿಗಳ ಸಮಿತಿಯ ಕೈಯಲ್ಲಿತ್ತು. ಮುಖ್ಯಸ್ಥ ವಿನೋದ್ ರಾಯ್ ಎರಡು ಪಂದ್ಯಗಳ ನಿಷೇಧ ಸೂಚಿಸಿದರು. ಮಹಿಳಾ ತಂಡದ ಮಾಜಿ ನಾಯಕಿ ಡಯಾನಾ ಎಡುಲ್ಜಿ ಕಾನೂನು ಸಲಹೆ ಕೇಳಿ, ಮುಂದಿನ ಕ್ರಮ ತೀರ್ಮಾನವಾಗುವ ತನಕ ಅಮಾನತಿನಲ್ಲಿಡಬೇಕೆಂದರು. 11ಕ್ಕೆ ಅಮಾನತು, ಇಬ್ಬರೂ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್. ಆದರೆ ವಿಚಾರಣೆ ನಡೆಸಬೇಕಾದ ಒಂಬುಡ್ಸ್‌ಮನ್ ಹುದ್ದೆಯಲ್ಲಿ ಯಾರೂ ಇರಲಿಲ್ಲ. 24ಕ್ಕೆ ಅಮಾನತು ತೆಗೆದರು. ಫೆಬ್ರವರಿಯಲ್ಲಿ ಜೈನ್ ನೇಮಕ, ಏಪ್ರಿಲ್‌ನಲ್ಲಿ ಇಬ್ಬರ ಹೇಳಿಕೆ. ಏಪ್ರಿಲ್ 15ಕ್ಕೆ ವಿಶ್ವಕಪ್ ತಂಡ ಪ್ರಕಟವಾದಾಗ ಇಬ್ಬರ ಹೆಸರೂ ಅದರಲ್ಲಿತ್ತು. ಆದೇಶ ಬಂದದ್ದು ಐದು ದಿನ ಕಳೆದು. ಎರಡನೇ ಅವಕಾಶದ ಪ್ರಶ್ನೆಯನ್ನು ಅಷ್ಟರಲ್ಲಿ ಆಯ್ಕೆ ಸಮಿತಿಯೇ ಮುಗಿಸಿತ್ತು.

ಪ್ರವಾಸದ ನಡುವೆ ಆಟಗಾರನನ್ನು ಮನೆಗೆ ಅಟ್ಟಿದ್ದು ಇದೇ ಮೊದಲಲ್ಲ. 1936ರ ಇಂಗ್ಲೆಂಡ್ ಪ್ರವಾಸದಲ್ಲಿ 24ರ ಹರೆಯದ ಲಾಲಾ ಅಮರನಾಥ್ ಅವರನ್ನು ಮೊದಲ ಟೆಸ್ಟ್‌ಗೂ ಮುನ್ನವೇ ಹಡಗು ಹತ್ತಿಸಲಾಯಿತು. ಭಾರತದ ಪರ ಮೊತ್ತಮೊದಲ ಟೆಸ್ಟ್ ಶತಕ ಹೊಡೆದವರು ಅವರು. ಲಾರ್ಡ್ಸ್‌ನ ಒಂದು ಪಂದ್ಯದಲ್ಲಿ ಪ್ಯಾಡ್ ಕಟ್ಟಿಸಿ ಕೂರಿಸಿದರು, ಬ್ಯಾಟಿಂಗ್‌ಗೆ ಮಾತ್ರ ಕಳುಹಿಸಲಿಲ್ಲ. ಸಿಟ್ಟಿನಲ್ಲಿ ಅವರು ಡ್ರೆಸಿಂಗ್ ರೂಮಿನಲ್ಲಿ ಸಾಮಾನು ಎಸೆದು ಪಂಜಾಬಿಯಲ್ಲಿ ಏನೋ ಗೊಣಗಿದರು. ನಾಯಕ, ವಿಜಯನಗರಂ ರಾಜಮನೆತನದ ‘ವಿಜ್ಜಿ’ಗೆ ಅಷ್ಟು ಸಾಕಾಯಿತು. (ಆಟದಲ್ಲಿ ಅಷ್ಟಕ್ಕಷ್ಟೇ ಆಗಿದ್ದ ಈ ನಾಯಕನಿಗೆ ಅದೇ ಪ್ರವಾಸದಲ್ಲಿ ನೈಟ್ ಪದವಿ ಸಿಕ್ಕಿತು!) ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸರ್ ಜಾನ್ ಬ್ಯೂಮಾಂಟ್ ಅವರ ಸಮಿತಿ 1937ರ ಜನವರಿಯಲ್ಲಿ ಅಮರನಾಥ್ ಮೇಲಿನ ಆರೋಪ ತೊಳೆಯಿತು. ಅಷ್ಟರಲ್ಲಿ ಪ್ರವಾಸ ಮುಗಿದಿತ್ತು, ಆಮೇಲೆ ಮಹಾಯುದ್ಧ. ಅವರು ಮತ್ತೆ ಟೆಸ್ಟ್ ಆಡಿದ್ದು 1946ರಲ್ಲಿ. ಮರುವರ್ಷ ಆಸ್ಟ್ರೇಲಿಯಾಕ್ಕೆ ಹೋದ ತಂಡಕ್ಕೆ ನಾಯಕರೂ ಆದರು.

ಅಲ್ಲಿ ನೊಂದುಕೊಂಡವರು ನಾಯಕರು, ಶಿಕ್ಷೆ ಬರೆದವರೂ ಅವರೇ. 2019ರಲ್ಲಿ ಅದು ತಿರುಗುಮುರುಗು: ಮಾತಿನ ಪೆಟ್ಟು ತಿಂದವರಿಗೆ ಕಲಾಪದಲ್ಲಿ ಒಂದು ಕುರ್ಚಿಯೂ ಇರಲಿಲ್ಲ.

ಇನ್ನೂ ಕಷ್ಟದ ಪ್ರಕರಣ ನವಜೋತ್ ಸಿಂಗ್ ಸಿಧು ಅವರದು. ಹರಟೆಗೂ ಸಾವಿಗೂ ಹೋಲಿಕೆಯಿಲ್ಲ, ಗೊತ್ತು. ಆದರೂ ಅವಕಾಶ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. 1988ರ ಡಿಸೆಂಬರ್ 27ರಂದು ಪಟಿಯಾಲದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಶುರುವಾದ ಜಗಳದಲ್ಲಿ 65 ವರ್ಷದ ಒಬ್ಬರು ತೀರಿಕೊಂಡರು. ಸಿಧುಗೆ ಆಗ 25. ನಾಲ್ಕೈದು ತಿಂಗಳಲ್ಲಿ ಅವರು ಕಿಂಗ್‌ಸ್ಟನ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಶತಕ ಹೊಡೆಯುತ್ತಿದ್ದರು. 1999ರಲ್ಲಿ ಕೆಳ ನ್ಯಾಯಾಲಯದಿಂದ ಖುಲಾಸೆ, 2006ರಲ್ಲಿ ಹೈಕೋರ್ಟಿನಿಂದ ಮೂರು ವರ್ಷ ಸಜೆ, 2018ರಲ್ಲಿ ಸುಪ್ರೀಂ ಕೋರ್ಟಿನಿಂದ ಬರೀ 1,000 ರೂಪಾಯಿ ದಂಡ. ತೀರಿಕೊಂಡವರ ಮನೆಯವರು ಬಿಡದೆ ಮರುಪರಿಶೀಲನೆ ಕೇಳಿದ ಮೇಲೆ, 2022ರ ಮೇ 19ಕ್ಕೆ ಒಂದು ವರ್ಷ ಜೈಲು. ಒಂದು ಕಡೆ 51 ಟೆಸ್ಟ್, ಕಾಮೆಂಟರಿ, ಸಂಸತ್ತು, ಮಂತ್ರಿಗಿರಿ. ಇನ್ನೊಂದು ಕಡೆ 33 ವರ್ಷಗಳ ಕೋರ್ಟು ಅಲೆದಾಟ.

ನಮ್ಮ ಕರಾವಳಿಯಲ್ಲಿ ತಪ್ಪುಕಾಣಿಕೆ ಎಂಬುದೊಂದಿದೆ. ಹರಕೆ ಮರೆತರೆ, ನಡೆಯಲ್ಲಿ ಲೋಪವಾದರೆ, ದೈವದ ಎದುರು ಕಾಣಿಕೆ ಇಟ್ಟು ತಪ್ಪಾಯಿತು ಎನ್ನುತ್ತೇವೆ. ಈ ಸ್ಥಾನದಲ್ಲಿ ತಪ್ಪಿ ನಡೆದು, ದುಡ್ಡನ್ನು ಇನ್ಯಾವುದೋ ಊರಿನ ಹುಂಡಿಗೆ ಹಾಕಿ ಬಂದರೆ ಮನೆಯ ಹಿರಿಯರು ಒಪ್ಪುವುದಿಲ್ಲ. ಜೈನ್ ಆದೇಶ ಓದಿದಾಗ ನನಗೆ ತೋಚಿದ್ದು ಇದೇ. ರಾಹುಲ್‌ಗೆ ಅವಕಾಶ ಸಿಕ್ಕಿದ್ದು ಸರಿಯೆಂದೇ ನನ್ನ ಎಣಿಕೆ. 26ರ ಹುಡುಗನ ಬಾಳನ್ನು ಒಂದು ಸಂಜೆಯ ಮಾತಿಗೆ ಮುಗಿಸಿಬಿಡುವುದು ನ್ಯಾಯವಲ್ಲ. 2024ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಆ ಸಂದರ್ಶನ ತನ್ನನ್ನು ಬದಲಿಸಿತು, ಶಾಲೆಯಲ್ಲೂ ಸಸ್ಪೆಂಡ್ ಆದವನಲ್ಲ ತಾನು ಎಂದ. ನಂಬುತ್ತೇನೆ. ಆದರೆ ಅದು ಅವನಿಗೆ ಏನಾಯಿತು ಎಂಬುದರ ಲೆಕ್ಕ.

ಇನ್ನೊಂದು ಲೆಕ್ಕವೂ ಅದೇ ಮಂಡಳಿಯ ಕಡತದಲ್ಲಿತ್ತು. ಆ ವರ್ಷ ರಾಹುಲ್ ಮತ್ತು ಪಾಂಡ್ಯ ಇದ್ದ ‘ಬಿ’ ದರ್ಜೆಯ ವಾರ್ಷಿಕ ಗುತ್ತಿಗೆ 3 ಕೋಟಿ ರೂಪಾಯಿ. ಭಾರತ ಮಹಿಳಾ ತಂಡದ ‘ಸಿ’ ದರ್ಜೆಯ ಆಟಗಾರ್ತಿಗೆ ವರ್ಷಕ್ಕೆ 10 ಲಕ್ಷ. ಇಬ್ಬರ ದಂಡವೂ ಸೇರಿದರೆ ನಾಲ್ವರು ಆಟಗಾರ್ತಿಯರ ಒಂದು ವರ್ಷದ ಗುತ್ತಿಗೆ.