ಮದುವೆ ರಿಜಿಸ್ಟರಿನ ಕೊನೆಯ ಅಂಕಣ

ಚರ್ಚಿನಲ್ಲಿ ನಡೆದ ಮದುವೆಯ ಸರ್ಟಿಫಿಕೇಟನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ಅದರ ನಮೂನೆಯನ್ನು ಗೊತ್ತುಮಾಡಿದ್ದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ. ವಧೂವರರ ಹೆಸರು, ವಯಸ್ಸು, ಉದ್ಯೋಗ, ಊರು, ತಂದೆಯ ಹೆಸರು, ಸಾಕ್ಷಿಗಳ ಸಹಿ, ಕೊನೆಗೆ ಮದುವೆ ಮಾಡಿಸಿದವರ ಸಹಿ. ತಾಯಿಯ ಹೆಸರಿಗೆ ಜಾಗವೇ ಇಲ್ಲ. ಕೊಪ್ಪಳ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಹೆಂಗಸರ ಕೈಗೆ ಅಧಿಕಾರ ಯಾವಾಗ, ಎಷ್ಟು ಬಂತು ಎಂದು ಹುಡುಕಲು ಹೊರಟಾಗ ನಾನು ಹಿಡಿದ ಎಳೆ ಈ ಕೊನೆಯ ಅಂಕಣ. ಅಲ್ಲಿ ಹೆಣ್ಣೊಬ್ಬಳು ಸಹಿ ಹಾಕಲು ಏನೇನು ಆಗಬೇಕಿತ್ತು?

ಅಡ್ಡಿ ಕಾನೂನಿನದೇ ಇರಬೇಕು ಎಂಬ ಗುಮಾನಿಯಿಂದ ಕಾಯ್ದೆಯ 5ನೆಯ ಕಲಮನ್ನು ತೆಗೆದೆ. ಬಿಷಪರಿಂದ ದೀಕ್ಷೆ ಪಡೆದ ಯಾವ ವ್ಯಕ್ತಿಯಾದರೂ ತನ್ನ ಸಭೆಯ ಕ್ರಮದಂತೆ ಮದುವೆ ಮಾಡಿಸಬಹುದು ಎನ್ನುತ್ತದೆ ಅದು. ಗಂಡಸೇ ಆಗಿರಬೇಕೆಂದು ಎಲ್ಲೂ ಹೇಳಿಲ್ಲ. ಬಾಗಿಲು ಹಾಕಿಕೊಂಡದ್ದು ಸರ್ಕಾರವಲ್ಲ, ಸಭೆ.

ಹಾಗಾದರೆ ಸಭೆಯ ಕಾಗದಗಳನ್ನು ನೋಡಬೇಕು. ಇಲ್ಲಿಂದ ತಾಪತ್ರಯ ಶುರು. ಕೊಪ್ಪಳ, ಯಲಬುರ್ಗಾ ಹಿಂದೆ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರು. ಆಮೇಲೆ ರಾಯಚೂರು ಜಿಲ್ಲೆ, 1997ರಲ್ಲಿ ಸ್ವಂತ ಜಿಲ್ಲೆ. ಸಭೆಗಳ ಗಡಿಗಳೇ ಬೇರೆ. ಪಡುವಣಕ್ಕೆ ಗದಗ-ಬೆಟಗೇರಿಯಲ್ಲಿ 1841ರಿಂದ ಬಾಸೆಲ್ ಮಿಷನ್ ಇತ್ತು. ಅದರ ಸಭೆಗಳು ಈಗ ಧಾರವಾಡ ಕೇಂದ್ರವಾಗಿರುವ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಉತ್ತರ ಡಯಾಸಿಸ್‌ಗೆ ಸೇರಿವೆ. ಮೂಡಣಕ್ಕೆ ರಾಯಚೂರಿನ ಕಡೆ ಅಮೆರಿಕನ್ ಮೆಥಡಿಸ್ಟರು. ಕ್ಯಾಥೊಲಿಕರ ಮಟ್ಟಿಗೆ ಕೊಪ್ಪಳ 1949ರಲ್ಲಿ ಹುಟ್ಟಿದ ಬಳ್ಳಾರಿ ಧರ್ಮಪ್ರಾಂತ್ಯದ ಭಾಗ. ಒಂದೇ ತಾಲ್ಲೂಕಿನ ಚರಿತ್ರೆಗಾಗಿ ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿಗೂ ಹೋಗಬೇಕು, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೂ ಹೋಗಬೇಕು. ಮೂಲ ಕಾಗದಗಳನ್ನೇ ನೋಡುವ ಹಟವಿದ್ದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೇ ಹೋಗಬೇಕು.

ಬಾಸೆಲ್ ಮಿಷನ್ನಿನ ವಾರ್ಷಿಕ ವರದಿಗಳು ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ದೇಶೀ ಪಾದ್ರಿಗಳು, ಉಪದೇಶಿಗಳು, ಪುಸ್ತಕ ಮಾರುವವರು, ಮೇಷ್ಟರು ಎಂದು ಒಬ್ಬೊಬ್ಬರಿಗೂ ಒಂದೊಂದು ಕಾಲಮ್ಮು. ಅದೇ ಪಟ್ಟಿಯಲ್ಲಿ ‘ಬೈಬಲ್ ವುಮನ್’ ಕೂಡ ಇದ್ದಾಳೆ, ಬರೀ ಅಂಕಿಯಾಗಿ. ಪರಗಂಡಸು ಹೊಸ್ತಿಲು ದಾಟಲಾಗದ ಮನೆಗಳೊಳಗೆ ಹೋಗಿ ಓದಿ ಹೇಳಿದವಳು ಅವಳು. ಅಕ್ಷರ ಕಲಿಸಿದಳು, ಹೊಲಿಗೆ ಕಲಿಸಿದಳು, ಬಾಣಂತಿಯ ಪಕ್ಕ ಕೂತು ಪ್ರಾರ್ಥನೆ ಮಾಡಿದಳು. ಅವಳಿಂದ ಪಾಠ ಕೇಳಿದ ಹೆಂಗಸಿಗೆ ದೀಕ್ಷಾಸ್ನಾನ ಕೊಡುವ ದಿನ ಮಾತ್ರ ಪಾದ್ರಿ ಬರುತ್ತಿದ್ದ, ರಿಜಿಸ್ಟರಿನಲ್ಲಿ ಅವನ ಸಹಿ ಬೀಳುತ್ತಿತ್ತು. “ನಮ್ಮ ಆಯಿ ಊರೂರು ತಿರುಗಿ ಸಭಾ ಕಟ್ಟಿದ್ಲರೀ, ಬುಕ್ಕಿನ್ಯಾಗ ಹೆಸರು ಮಾತ್ರ ಅಯ್ಯನವರದು” ಎಂದರು ಈ ಕಡೆಯ ಹಿರಿಯರೊಬ್ಬರು. ವರದಿಗಳನ್ನೆಲ್ಲ ಮಗುಚಿದ ಮೇಲೂ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕೆನಿಸಲಿಲ್ಲ.

ಹೈದರಾಬಾದ್ ಸೀಮೆಯಲ್ಲಿ ಹೆಸರಿನ ಸಮೇತ ಎದುರಾಗುವವಳು ಮನೋರಮಾ, ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯ ಮಗಳು. ಕಲಬುರ್ಗಿಯಲ್ಲಿ 1912ರಲ್ಲಿ ತಾಯಿ ತೆರೆದ ಕ್ರೈಸ್ತ ಹೈಸ್ಕೂಲಿಗೆ ಅವಳೇ ಪ್ರಿನ್ಸಿಪಾಲಳಾದಳು. ರಮಾಬಾಯಿಯನ್ನು ಮಹಾರಾಷ್ಟ್ರದವಳೆಂದೇ ಎಣಿಸುವುದು ರೂಢಿ. ಹುಟ್ಟಿದ್ದು ಮಾತ್ರ 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. 1977ರಲ್ಲಿ ಅಚ್ಚಾದ ಅವಳ ಪತ್ರಗಳ ಸಂಪುಟವನ್ನು ಓದುವಾಗ ನಾನು ಹುಡುಕುತ್ತಿದ್ದ ಜಗಳ ಸಿಕ್ಕಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಅವಳು ಚೆಲ್ಟನಮ್ ಕಾಲೇಜಿಗೆ ಸೇರಿದ್ದಳು. ಅವಳು ಗಂಡಸರಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪರು ಕೂಡದೆಂದರು. ನನ್ನಮ್ಮ ಯುವಕರಿಗೆ ಕಲಿಸಿದಾಗ ಅಪ್ಪ ಬೇಡವೆನ್ನಲಿಲ್ಲ, ನಾನು ಕಲಿಸಿದಾಗ ಗಂಡ ಬೇಡವೆನ್ನಲಿಲ್ಲ, ನೀವೇಕೆ ಹೀಗೆ ಎಂಬ ಧಾಟಿಯಲ್ಲಿ ಅವಳು ಉತ್ತರ ಬರೆದಳು. ಹೆಣ್ಣಿಗೆ ಬಿಡುಗಡೆ ತಂದವರು ನಾವೇ ಎಂದು ಬೀಗುತ್ತಿದ್ದ ಮಿಷನ್ ಕಾಲದಲ್ಲಿ, ವೈದಿಕ ಮನೆತನದ ಮಗಳಿಂದ ಬಂದ ಪೆಟ್ಟು ಇದು.

ದೀಕ್ಷೆಯ ಬಾಗಿಲು ತೆರೆದದ್ದು ಮಾತ್ರ ಬಹಳ ತಡವಾಗಿ. ಅಮೆರಿಕದ ಮೆಥಡಿಸ್ಟರು ಹೆಂಗಸರಿಗೆ ಪಾದ್ರಿಯ ಪೂರ್ಣ ಹಕ್ಕು ಕೊಟ್ಟದ್ದು 1956ರಲ್ಲಿ. ಕೊಪ್ಪಳ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ ವರ್ಷವೂ ಅದೇ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಎಲಿಜಬೆತ್ ಪಾಲ್ ಮೊದಲ ಮಹಿಳಾ ಪ್ರೆಸ್ಬಿಟರ್, ಅಂದರೆ ಪಾದ್ರಿ, ಆದದ್ದು 1976ರಲ್ಲಿ. ಈ ಸಭೆಯ ಮಟ್ಟಿಗೆ ಕೊನೆಯ ಅಂಕಣದ ಪ್ರಶ್ನೆಗೆ ಉತ್ತರ ಈ ಇಸವಿ. ಕಾಯ್ದೆ ಬಂದು ಆಗಲೇ 104 ವರ್ಷ ಆಗಿತ್ತು.

ಮುಂದಿನ ಹೆಜ್ಜೆ ನಮ್ಮ ರೈಲುದಾರಿಯಲ್ಲೇ ಇದೆ. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್ಲಿನ ಮೇಲೆ ಆಂಧ್ರಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಂದ್ಯಾಲವನ್ನು ಹಾಯುತ್ತದೆ. ಆ ನಂದ್ಯಾಲದಲ್ಲಿ 2013ರ ಸೆಪ್ಟೆಂಬರ್ 30ರಂದು ಎಗ್ಗೋನಿ ಪುಷ್ಪಲಲಿತಾ ಬಿಷಪ್ ಆದರು. ಕರ್ನೂಲು ಜಿಲ್ಲೆಯ ದಿಗುವಪಾಡು ಎಂಬ ಹಳ್ಳಿಯವರು ಅವರು, ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್. ಇಂಗ್ಲೆಂಡಿನ ಸಭೆ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟದ್ದು 1994ರಲ್ಲಿ, ಬಿಷಪ್ ಪದವಿ ಕೊಟ್ಟದ್ದು 2015ರಲ್ಲಿ. ಎರಡರಲ್ಲೂ ದಕ್ಷಿಣ ಭಾರತವೇ ಮುಂದು. ವಿಲಾಯತಿಯಿಂದ ಸುಧಾರಣೆ ಬಂತು ಎಂದು ಬರೆಯುವವರು ಈ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಂತಿಲ್ಲ.

ಕುಷ್ಟಗಿಯ ಮೂಡಣಕ್ಕೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಬಂದ ಕ್ಯಾಥೊಲಿಕ್ ಸಭೆಯಿದೆ. ಅಲ್ಲಿನ ಕಥೆ ಬೇರೆ. ಮಹಿಳೆಗೆ ಗುರುದೀಕ್ಷೆ ಇಲ್ಲವೆಂದು 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಕಡ್ಡಿ ಮುರಿದಂತೆ ಹೇಳಿದರು. 2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕಿಯ ಮತ್ತು ಪೀಠಸೇವಕಿಯ ಸ್ಥಾನಗಳನ್ನು ವಿಧಿಬದ್ಧವಾಗಿ ಹೆಂಗಸರಿಗೂ ತೆರೆದರು. ಅದೇ ವರ್ಷ ಉಪದೇಶಿಯ ಸೇವೆಯೂ ವಿಧಿಬದ್ಧವಾಯಿತು. ಬೈಬಲ್ ವುಮನ್ ನೂರು ವರ್ಷದ ಹಿಂದೆಯೇ ಮಾಡುತ್ತಿದ್ದ ಕೆಲಸಕ್ಕೆ ಇಷ್ಟು ಹೊತ್ತಿಗೆ ಮುದ್ರೆ ಬಿತ್ತು ಎಂದೇ ನಾನು ಇದನ್ನು ಓದುತ್ತೇನೆ. ಬಲಿಪೂಜೆ ಅರ್ಪಿಸುವ ಅಧಿಕಾರ ಈಗಲೂ ಗಂಡಸಿನದೇ.

ಬಿಷಪ್ ಪುಷ್ಪಲಲಿತಾ ಅವರ ಹೆಸರು ಪತ್ರಿಕೆಯಲ್ಲಿ ಬಂದಿದೆ, ಉಳಿಯುತ್ತದೆ. ಅಂಕಿಯಾಗಿ ಹೋದವರ ಹೆಸರನ್ನು ಉಳಿಸುವ ಕೆಲಸ ಮಾತ್ರ ಬಾಕಿ. ನಿಮ್ಮ ಅಜ್ಜಿಯೋ ಮುತ್ತಜ್ಜಿಯೋ ಬೈಬಲ್ ವುಮನ್ ಆಗಿದ್ದರೆ ಅವರ ಹೆಸರು, ಊರು, ತಿರುಗಿದ ಹಳ್ಳಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹಳೆಯ ಮದುವೆ ಸರ್ಟಿಫಿಕೇಟಿನಲ್ಲಿ ಸಾಕ್ಷಿಯಾಗಿ ಹೆಂಗಸಿನ ಸಹಿಯೋ ಹೆಬ್ಬೆಟ್ಟೋ ಇದ್ದರೆ ಅದರ ಜೆರಾಕ್ಸ್ ಮಾಡಿಸಿ. ಒಂದು ಪ್ರತಿಯನ್ನು ನಿಮ್ಮ ಸಭೆಯ ಕಮಿಟಿಗೆ ಕೊಡಿ, ಇನ್ನೊಂದನ್ನು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಕಳಿಸಿ.